ಈ ಹಡಗಿಗೆ ಇವತ್ತು ಆದೇಶ ಕೊಡುವವರು ಯಾರು?

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಒಂದು ಚಿಕ್ಕ ನೌಕಾಪಡೆ ಇದೆ ಅಂದುಕೊಳ್ಳಿ. ಅದರ ಹತ್ತಿರ ಇರುವುದು ಆರೇ ಹಡಗು. ಎರಡು ರಿಪೇರಿಗೆ ಹೋಗಿವೆ. ಎರಡರಲ್ಲಿ ಹೊಸ ಸಿಬ್ಬಂದಿಗೆ ತರಬೇತಿ ನಡೆಯುತ್ತಿದೆ. ಒಂದು ಬಂದರಿನಲ್ಲಿ ನಿಂತು ಡೀಸೆಲ್, ನೀರು, ದಿನಸಿ ತುಂಬಿಸಿಕೊಳ್ಳುತ್ತಿದೆ. ಸಮುದ್ರದಲ್ಲಿ ಉಳಿದದ್ದು ಒಂದೇ. ಈಗ ಬೆಳಗಿನ ಜಾವ ನಾಲ್ಕು ಗಂಟೆ. ಆ ಒಂದು ಹಡಗಿಗೆ ಈ ಕ್ಷಣದಲ್ಲಿ ಆದೇಶ ಕೊಡುವವರು ಯಾರು?

ನೀವು ಹೇಳಬಹುದು, "ನೌಕಾಪಡೆಯ ಮುಖ್ಯಸ್ಥರು, ಮತ್ಯಾರು?" ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಸಾಕಷ್ಟು ದೇಶಗಳಲ್ಲಿ ಅದು ಸರಿಯಾದ ಉತ್ತರ ಅಲ್ಲ. ಇವತ್ತು ನಾನು ಮಾತಾಡುವುದು ಈ ಒಂದು ಪ್ರಶ್ನೆಯ ಸುತ್ತ.

ಎಷ್ಟೇ ಚಿಕ್ಕದಾಗಿದ್ದರೂ ನೌಕಾಪಡೆಗೆ ಎರಡು ಕೆಲಸ ಇರುತ್ತವೆ. ಮೊದಲನೆಯದು ಹಡಗನ್ನು ಸಿದ್ಧ ಮಾಡುವುದು. ಜನರನ್ನು ಸೇರಿಸಿಕೊಂಡು ಕಲಿಸಬೇಕು, ಎಂಜಿನ್ ನೋಡಿಕೊಳ್ಳಬೇಕು, ಬಿಡಿಭಾಗ ತರಿಸಬೇಕು, ಕೊನೆಗೆ "ಈ ಹಡಗು ಈಗ ಸಮುದ್ರಕ್ಕೆ ಹೋಗಬಹುದು" ಅಂತ ಸಹಿ ಹಾಕಬೇಕು. ಎರಡನೆಯದು ಸಿದ್ಧವಾದ ಹಡಗನ್ನು ಬಳಸುವುದು. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು, ಯಾವುದನ್ನು ಮಾಡಬಾರದು, ಯಾವಾಗ ವಾಪಸ್ ಬರಬೇಕು ಅಂತ ಹೇಳುವುದು. ದೊಡ್ಡ ನೌಕಾಪಡೆಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಅಡ್ಮಿರಲ್‌ಗಳು, ಬೇರೆ ಬೇರೆ ಕಟ್ಟಡಗಳು ಇರುತ್ತವೆ. ಚಿಕ್ಕ ನೌಕಾಪಡೆಗೆ ಅಷ್ಟು ಜನ ಎಲ್ಲಿಂದ ಬರಬೇಕು? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ತಾನೇ. ಹಾಗಾಗಿ ಒಬ್ಬರೇ ಎರಡೂ ಕೆಲಸ ಹೊತ್ತುಕೊಳ್ಳುತ್ತಾರೆ.

ಅಪಾಯ ಇರುವುದು ಇಲ್ಲೇ. ಸಿದ್ಧ ಮಾಡುವವರ ಮನಸ್ಸು "ಇನ್ನೊಂದು ವಾರ ಬೇಕು, ಈ ಹುಡುಗರು ಇನ್ನೂ ಪಳಗಿಲ್ಲ" ಅನ್ನುತ್ತದೆ. ಬಳಸುವವರ ಮನಸ್ಸು "ನಾಳೆ ಬೆಳಗ್ಗೆ ಹಡಗು ಹೊರಡಲೇಬೇಕು, ಮಂತ್ರಿಗಳಿಗೆ ಮಾತು ಕೊಟ್ಟಾಗಿದೆ" ಅನ್ನುತ್ತದೆ. ಇಬ್ಬರು ಬೇರೆ ಬೇರೆ ಇದ್ದರೆ ಅವರ ನಡುವೆ ವಾದ ನಡೆಯುತ್ತದೆ. ಒಳ್ಳೆಯದೇ, ನಡೆಯಲಿ. ಆದರೆ ಎರಡೂ ಮನಸ್ಸು ಒಂದೇ ತಲೆಯೊಳಗೆ ಇದ್ದರೆ ಆ ವಾದ ಯಾರಿಗೂ ಕೇಳಿಸುವುದಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಆಗುತ್ತದೆ. ಸಾಮಾನ್ಯವಾಗಿ ಗೆಲ್ಲುವುದು ನಾಳೆ ಬೆಳಗಿನ ತುರ್ತು.

ಇದು ಸುಮ್ನೆ ಹೇಳುವ ಮಾತಲ್ಲ. 2018ರ ನವೆಂಬರ್ 8ರಂದು ನಾರ್ವೆಯಲ್ಲಿ ಏನಾಯಿತು ನೋಡಿ. ನಾರ್ವೆಯ ಹತ್ತಿರ ಆಗ ಐದು ಫ್ರಿಗೇಟ್, ಅಂದರೆ ದೂರ ಹೋಗಬಲ್ಲ ಯುದ್ಧ ಹಡಗು, ಇದ್ದವು. ಅವುಗಳಲ್ಲಿ ಒಂದು ಹೆಲ್ಗೆ ಇಂಗ್‌ಸ್ಟಾಡ್. ನಸುಕಿನ ನಾಲ್ಕು ಗಂಟೆಗೆ ಅದು ಬರ್ಗನ್ ಹತ್ತಿರದ ಕಡಲ ಹಾದಿಯಲ್ಲಿ ಬರುತ್ತಿತ್ತು. ಎದುರಿನಿಂದ ಸೋಲಾ ಟಿಎಸ್ ಅನ್ನುವ ತೈಲ ಟ್ಯಾಂಕರ್ ಆಗಷ್ಟೇ ಟರ್ಮಿನಲ್ ಬಿಟ್ಟು ಹೊರಟಿತ್ತು. ಟ್ಯಾಂಕರಿನ ಡೆಕ್ ದೀಪಗಳು ಉರಿಯುತ್ತಿದ್ದವು. ಫ್ರಿಗೇಟಿನ ಬ್ರಿಜ್, ಅಂದರೆ ಹಡಗು ನಡೆಸುವ ಕೋಣೆಯಲ್ಲಿ ನಿಂತವರಿಗೆ ಅದು ಚಲಿಸುವ ಹಡಗಿನ ಹಾಗೆ ಕಾಣಲಿಲ್ಲ. ದಡದಲ್ಲಿರುವ ಯಾವುದೋ ಕಟ್ಟಡ ಅಂದುಕೊಂಡರು. ಎರಡೂ ಡಿಕ್ಕಿ ಹೊಡೆದವು. ಫ್ರಿಗೇಟಿನಲ್ಲಿದ್ದ 137 ಜನರೂ ಬದುಕಿದರು. ಆದರೆ ಹಡಗು ಮುಳುಗಿತು. ಮುಂದಿನ ವರ್ಷ ಅದನ್ನು ಮೇಲೆತ್ತಿದರೂ ರಿಪೇರಿ ಮಾಡಲಿಲ್ಲ, ಗುಜರಿಗೇ ಹೋಯಿತು. ಐದರಲ್ಲಿ ಒಂದು, ಅಂದರೆ ದೇಶದ ಫ್ರಿಗೇಟ್ ಬಲದ ಶೇಕಡ 20, ಒಂದೇ ಬೆಳಗಿನಲ್ಲಿ ಹೋಯಿತು.

ತನಿಖೆ ನಡೆಸಿದವರು ಬ್ರಿಜ್ ಮೇಲಿನ ತಪ್ಪುಗಳನ್ನು ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ಅವರ ವರದಿಯಲ್ಲಿ ಇನ್ನೊಂದು ವಿಷಯ ಇದೆ. ಫ್ರಿಗೇಟ್ ನಡೆಸಲು ಅರ್ಹ ಅಧಿಕಾರಿಗಳ ಕೊರತೆ ಇತ್ತು. ಆ ಕೊರತೆ ತುಂಬಲು ವಾಚ್ ಅಧಿಕಾರಿಗಳಿಗೆ, ಅಂದರೆ ಪಾಳಿಯ ಮೇಲೆ ನಿಂತು ಹಡಗು ನಡೆಸುವವರಿಗೆ, ಮೊದಲಿಗಿಂತ ಬೇಗ ಅರ್ಹತೆ ಕೊಡಲಾಗುತ್ತಿತ್ತು, ಅವರ ಅನುಭವವೂ ಮೊದಲಿನವರಿಗಿಂತ ಕಡಿಮೆ ಇತ್ತು. ಸಿದ್ಧ ಮಾಡುವ ಕಡೆ ಇದ್ದ ಕೊರತೆಯನ್ನು ಬಳಸುವ ಕಡೆಯ ತುರ್ತು ನುಂಗಿಹಾಕುವುದು ಅಂದರೆ ಇದೇ.

ಈಗ ನ್ಯೂಜಿಲೆಂಡ್ ಕಡೆ ಬರೋಣ. ಅವರು ಈ ಎರಡು ಕೆಲಸವನ್ನು ಸ್ಪಷ್ಟವಾಗಿ ಬೇರೆ ಮಾಡಿದವರು. ಅವರ ಹಡಗುಗಳ ನೆಲೆ ಆಕ್ಲೆಂಡಿನ ಡೆವನ್‌ಪೋರ್ಟ್. ರಿಪೇರಿ, ತರಬೇತಿ, ಸಿಬ್ಬಂದಿ ಎಲ್ಲ ಅಲ್ಲಿ. ನೌಕಾಪಡೆಯ ಮುಖ್ಯಸ್ಥರ ಹೊಣೆ ಹಡಗು ಮತ್ತು ಜನರನ್ನು ಸಿದ್ಧವಾಗಿ ಇಡುವುದು. ಆದರೆ ಹಡಗು ಕಾರ್ಯಾಚರಣೆಗೆ ಹೊರಟ ಮೇಲೆ ಅದರ ಲಗಾಮು ಬೇರೆ ಕಡೆ ಹೋಗುತ್ತದೆ. ವೆಲಿಂಗ್ಟನ್ ಹತ್ತಿರದ ಟ್ರೆಂಥಮ್‌ನಲ್ಲಿ 2001ರಲ್ಲಿ ಒಂದು ಜಂಟಿ ಪಡೆಗಳ ಕೇಂದ್ರ ಕಚೇರಿ ಮಾಡಿದರು. ಭೂಸೇನೆ, ವಾಯುಪಡೆ, ನೌಕಾಪಡೆ ಮೂರರ ಕಾರ್ಯಾಚರಣೆಯೂ ಅಲ್ಲಿಂದಲೇ. ಅಲ್ಲಿ ಕೂರುವ ನೌಕಾ ಅಧಿಕಾರಿ ಒಬ್ಬ ಕಮಡೋರ್, ಅಡ್ಮಿರಲ್‌ಗಳಿಗಿಂತ ಕೆಳಗಿನ ದರ್ಜೆಯವರು. ಹಡಗಿಗೆ ಏನು ಕೆಲಸ, ಎಲ್ಲಿ, ಎಷ್ಟು ದಿನ ಅಂತ ನೋಡುವವರು ಅವರು.

ಸುಮಾರು 40 ಲಕ್ಷ ಚದರ ಕಿಲೋಮೀಟರ್ ಸಮುದ್ರ ವಲಯ ಇರುವ, ಹಡಗುಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದಾದ ದೇಶ ಅದು. ಅವರು ಯಾಕೆ ಹಾಗೆ ಮಾಡಿದರು ಗೊತ್ತಾ? ಮೂರೂ ಪಡೆಗಳಿಗೆ ಒಂದೊಂದು ಕಾರ್ಯಾಚರಣೆ ಕೋಣೆ ಇಡುವಷ್ಟು ಜನ ಅವರ ಹತ್ತಿರ ಇಲ್ಲ. ಮೂರಕ್ಕೂ ಸೇರಿ ಒಂದು ಇದ್ದರೆ ಸಾಕು, ಅದೂ ಗಟ್ಟಿಯಾಗಿ ಇರುತ್ತದೆ.

ಆದರೂ ಒಂದು ಮಾತು ಹೇಳಲೇಬೇಕು. ಕಾಗದದ ಮೇಲೆ ಕೆಲಸ ಬೇರೆ ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನ ಮಾನವಾನುಯಿ ಅನ್ನುವ ಹಡಗು ಸಮೋವಾ ದ್ವೀಪದ ಹತ್ತಿರ ಸಮುದ್ರದ ಅಳತೆ ಮಾಡುತ್ತಾ ಹವಳದ ದಿಬ್ಬಕ್ಕೆ ಹತ್ತಿ ಮುಳುಗಿತು. ಹಡಗು ತಿರುಗದಿದ್ದಾಗ ಯಂತ್ರ ಕೆಟ್ಟಿದೆ ಅಂದುಕೊಂಡರು. ಅಸಲಿಗೆ ಆಟೋಪೈಲಟ್ ಆನ್ ಆಗೇ ಇತ್ತು. 75 ಜನರೂ ಪಾರಾದರು. ವಿಚಾರಣೆ ನಡೆದಾಗ ಮಾತು ಮತ್ತೆ ಅಲ್ಲಿಗೇ ಬಂತು. ತರಬೇತಿ ಸಾಕಿತ್ತಾ? ಯೋಜನೆ ಸರಿಯಾಗಿತ್ತಾ? ಅಪಾಯವನ್ನು ಯಾರು ತೂಗಿ ನೋಡಿದರು? "ಸಿದ್ಧ" ಅಂತ ಸಹಿ ಹಾಕುವ ಕೈಗೂ "ಹೋಗು" ಅಂತ ಹೇಳುವ ಕೈಗೂ ನಡುವೆ ಪ್ರಾಮಾಣಿಕ ಮಾತುಕತೆ ಇರಬೇಕು. ಬರೀ ಎರಡು ಕಚೇರಿ ಇದ್ದರೆ ಸಾಲದು.

ಈಗ ಒಂದು ಸಣ್ಣ ಲೆಕ್ಕ. ಕಾಗದ ಪೆನ್ನು ಇದ್ದವರು ಬರೆದುಕೊಳ್ಳಿ. ನನಗೆ ಬಹಳ ಮುಖ್ಯ ಅನ್ನಿಸುವ ಲೆಕ್ಕ ಇದು.

ಕಾರ್ಯಾಚರಣೆ ಕೋಣೆಯಲ್ಲಿ ಒಂದು ಕುರ್ಚಿ. ಅದರಲ್ಲಿ ಹಗಲು ರಾತ್ರಿ, ವಾರದ ಏಳೂ ದಿನ, ಒಬ್ಬರು ಎಚ್ಚರವಾಗಿ ಕೂತಿರಬೇಕು. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 42 ಗಂಟೆ ಕೂತರೆ ನಾಲ್ಕು ಜನ ಬೇಕು. ಆದರೆ ಅದು ಯಾರೂ ರಜೆ ಹಾಕದಿದ್ದರೆ, ಯಾರಿಗೂ ಜ್ವರ ಬರದಿದ್ದರೆ, ಯಾರೂ ಕೋರ್ಸಿಗೆ ಹೋಗದಿದ್ದರೆ ಮಾತ್ರ. ನಿಜವಾಗಿ ನೋಡಿದರೆ ಐದರಿಂದ ಆರು ಜನ ಬೇಕು. ಒಂದೇ ಕುರ್ಚಿಗೆ! ಎರಡು ಕುರ್ಚಿ ಇಟ್ಟರೆ ಹತ್ತು ಹನ್ನೆರಡು ಜನ. ಪೆಸಿಫಿಕ್ ದ್ವೀಪ ದೇಶಗಳಿಗೆ ಆಸ್ಟ್ರೇಲಿಯಾ ಕೊಟ್ಟಿರುವ ಗಾರ್ಡಿಯನ್ ದರ್ಜೆಯ ಗಸ್ತು ಹಡಗಿನಲ್ಲಿ ಇರುವುದೇ 23 ಜನರಿಗೆ ಜಾಗ. ಅಂದರೆ ಎರಡು ಕುರ್ಚಿ ತುಂಬಲು ಅರ್ಧ ಹಡಗಿನ ಸಿಬ್ಬಂದಿಯನ್ನು ದಡದಲ್ಲಿ ಇಟ್ಟುಕೊಳ್ಳಬೇಕು. ಅದೂ ಎಳೆಯ ಹುಡುಗರಲ್ಲ, ಸಮುದ್ರ ನೋಡಿದ, ರಾತ್ರಿ ಫೋನ್ ಬಂದರೆ ತಕ್ಷಣ ತೀರ್ಮಾನ ಮಾಡಬಲ್ಲ ಅನುಭವಿಗಳು. ಅಂಥವರೇ ಹಡಗಿಗೂ ಬೇಕು.

ಅದಕ್ಕೇ ಚಿಕ್ಕ ನೌಕಾಪಡೆ ಕುರ್ಚಿಗಳನ್ನು ಹಂಚಿಕೊಳ್ಳುತ್ತದೆ. ಐರ್ಲೆಂಡಿನ ನೌಕಾ ಸೇವೆಯ ನೆಲೆ ಕಾರ್ಕ್ ಬಂದರಿನ ಹಾಲ್‌ಬೋಲಿನ್ ದ್ವೀಪ. ಅಲ್ಲಿ ಕಾರ್ಯಾಚರಣೆ ನೋಡಿಕೊಳ್ಳುವ ಕಮಾಂಡ್ ಒಂದು, ದುರಸ್ತಿ ಸರಬರಾಜು ನೋಡುವ ಕಮಾಂಡ್ ಒಂದು, ನೌಕಾ ಕಾಲೇಜು ಒಂದು. ಮೂರೂ ಒಂದೇ ದ್ವೀಪದಲ್ಲಿ, ನಡೆದು ಹೋಗುವಷ್ಟು ಹತ್ತಿರ. ದೇಶದ ಮೀನುಗಾರಿಕೆ ನಿಗಾ ಕೇಂದ್ರವೂ ಅಲ್ಲೇ ಇದೆ. ಮೀನುಗಾರಿಕೆ ಹಡಗುಗಳು ಉಪಗ್ರಹದ ಮೂಲಕ ಕಳಿಸುವ ಸ್ಥಾನದ ಮಾಹಿತಿ ಅಲ್ಲಿಗೆ ಬರುತ್ತದೆ. ಗಸ್ತಿಗೆ ಹೋದ ಹಡಗಿಗೆ "ನೀನು ಇರುವ ಜಾಗದಿಂದ ಪಶ್ಚಿಮಕ್ಕೆ ಇಂಥ ಹಡಗು ಬಲೆ ಹಾಕಿದೆ, ಹೋಗಿ ನೋಡು" ಅಂತ ಹೇಳುವುದು ಅಲ್ಲಿಂದ ಸುಲಭ. ಶಾಂತಿ ಕಾಲದಲ್ಲಿ ಚಿಕ್ಕ ನೌಕಾಪಡೆಯ ದಿನನಿತ್ಯದ ಕಾರ್ಯಾಚರಣೆ ಅಂದರೆ ಬಹಳ ಮಟ್ಟಿಗೆ ಇದೇ.

ಐರ್ಲೆಂಡಿನಿಂದ ಇನ್ನೊಂದು ವಿಷಯವನ್ನೂ ಕಲಿಯಬಹುದು. ಹಡಗು ಇದ್ದ ಮಾತ್ರಕ್ಕೆ ಆಗಲಿಲ್ಲ. ಅವರು ನ್ಯೂಜಿಲೆಂಡಿನಿಂದ ಎರಡು ಗಸ್ತು ಹಡಗು ಕೊಂಡರು, 2023ರಲ್ಲಿ ಅವು ಕಾರ್ಕ್‌ಗೆ ಬಂದವು. ಅದೇ ಹೊತ್ತಿನಲ್ಲಿ ಇದ್ದ ಹಡಗುಗಳಿಗೇ ಸಿಬ್ಬಂದಿ ಸಾಲದೆ ಕೆಲವನ್ನು ಕಟ್ಟಿ ನಿಲ್ಲಿಸಬೇಕಾಯಿತು. ಕಾರ್ಯಾಚರಣೆ ಕಮಾಂಡಿನ ಬೋರ್ಡಿನ ಮೇಲೆ ಎಷ್ಟು ಹಡಗಿನ ಹೆಸರು ಇದೆ ಅನ್ನುವುದಕ್ಕಿಂತ ಎಷ್ಟಕ್ಕೆ ಪೂರ್ತಿ ಸಿಬ್ಬಂದಿ ಇದೆ ಅನ್ನುವುದೇ ಮುಖ್ಯವಾಯಿತು.

ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. "ಇಷ್ಟೆಲ್ಲ ಯಾಕೆ, ಹಡಗಿನ ಕ್ಯಾಪ್ಟನ್ ಇದ್ದಾರಲ್ಲ, ಅವರೇ ತೀರ್ಮಾನ ಮಾಡಲಿ" ಅಂತ ಇರಬಹುದು. ಒಳ್ಳೆಯ ಪ್ರಶ್ನೆ. ಒಂದು ಬೆಳಗ್ಗೆಯ ಕಥೆ ಕಟ್ಟಿ ಹೇಳುತ್ತೇನೆ, ಆಗ ಗೊತ್ತಾಗುತ್ತದೆ.

ಗಸ್ತು ಹಡಗು ದೇಶದ ವಿಶೇಷ ಆರ್ಥಿಕ ವಲಯದ ಅಂಚಿನ ಹತ್ತಿರ ಇದೆ, ಅಂದರೆ ದಡದಿಂದ 200 ನಾಟಿಕಲ್ ಮೈಲಿಯ ಗೆರೆಯ ಒಳಗೆ. ರೇಡಾರಿನಲ್ಲಿ ಒಂದು ಚುಕ್ಕೆ. ವಿದೇಶಿ ಟ್ರಾಲರ್, ಪರವಾನಗಿ ಇಲ್ಲ, ಬಲೆ ನೀರಿನಲ್ಲಿ. ಗಸ್ತು ಹಡಗನ್ನು ನೋಡಿದ ಕೂಡಲೇ ಬಲೆ ಎಳೆದುಕೊಂಡು ಗೆರೆಯ ಕಡೆ ಓಡಲು ಶುರು ಮಾಡಿತು. ಗೆರೆಗೆ ಆರು ಮೈಲಿ ಇದೆ, ಟ್ರಾಲರಿನ ವೇಗ ಗಂಟೆಗೆ ಒಂಬತ್ತು ಮೈಲಿ. ಕ್ಯಾಪ್ಟನ್ ಕೈಯಲ್ಲಿ ಇರುವುದು 40 ನಿಮಿಷ.

ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 111ನೇ ವಿಧಿ ಬೆನ್ನಟ್ಟಲು ಅವಕಾಶ ಕೊಡುತ್ತದೆ, ಆದರೆ ಷರತ್ತುಗಳಿವೆ. ಬೆನ್ನಟ್ಟುವುದು ವಲಯದ ಒಳಗೆ ಇರುವಾಗಲೇ ಶುರುವಾಗಬೇಕು. "ನಿಲ್ಲು" ಅನ್ನುವ ಸಂಕೇತವನ್ನು ಕಣ್ಣಿಗೆ ಕಾಣುವಷ್ಟು ಅಥವಾ ಕಿವಿಗೆ ಕೇಳುವಷ್ಟು ಹತ್ತಿರದಿಂದ ಕೊಟ್ಟಿರಬೇಕು. ಮಧ್ಯದಲ್ಲಿ ಬಿಟ್ಟು ಮತ್ತೆ ಶುರು ಮಾಡುವಂತಿಲ್ಲ. ಆ ಟ್ರಾಲರ್ ಬೇರೆ ದೇಶದ ಪ್ರಾದೇಶಿಕ ಸಮುದ್ರದೊಳಗೆ, ಅಂದರೆ ಅದರ ದಡಕ್ಕೆ ಅಂಟಿದ ಸಮುದ್ರದೊಳಗೆ, ನುಗ್ಗಿದರೆ ಅಲ್ಲಿಗೆ ಮುಗಿಯಿತು, ಹಿಂದಿರುಗಬೇಕು.

ಈಗ ಯೋಚನೆ ಮಾಡಿ. ಕ್ಯಾಪ್ಟನ್ ಕೇಂದ್ರಕ್ಕೆ ಕರೆ ಮಾಡಿದರು. ಡ್ಯೂಟಿ ಅಧಿಕಾರಿ "ಒಂದು ನಿಮಿಷ" ಅಂದು ಕಮಾಂಡರ್ ಮನೆಗೆ ಫೋನ್ ಮಾಡಿದರು. ಕಮಾಂಡರ್ ಇದು ವಿದೇಶಿ ಹಡಗು ಅಂತ ವಿದೇಶಾಂಗ ಕಚೇರಿಯವರನ್ನು ಎಬ್ಬಿಸಿದರು. ಅವರು ಇನ್ನೊಬ್ಬರನ್ನು ಎಬ್ಬಿಸಿದರು. 40 ನಿಮಿಷ ಎಲ್ಲಿ ಹೋಯಿತು? ಟ್ರಾಲರ್ ಗೆರೆ ದಾಟಿತು, ಸಂಕೇತ ಕೊಟ್ಟಿರಲೇ ಇಲ್ಲ. ಈಗ ಬೆನ್ನಟ್ಟಿದರೆ ಕಾನೂನು ಇವರ ಕಡೆ ಇಲ್ಲ.

ಇದನ್ನು ತಪ್ಪಿಸುವುದು ಹಡಗು ಹೊರಡುವ ಮುಂಚೆ ಕೊಡುವ ಗಸ್ತು ಆದೇಶ. ಚಿಕ್ಕ ನೌಕಾಪಡೆಯ ಕಾರ್ಯಾಚರಣೆ ಕಮಾಂಡ್ ಮಾಡುವ ಅತಿ ಮುಖ್ಯ ಕೆಲಸ ಇದು ಅಂತ ನನ್ನ ಅನಿಸಿಕೆ. ಅದರಲ್ಲಿ ಯಾವ ಜಾಗ, ಯಾವ ದಿನದಿಂದ ಯಾವ ದಿನ, ಏನು ಕೆಲಸ ಅಂತ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಮೂರು ಸಂಗತಿ ಸ್ಪಷ್ಟವಾಗಿ ಇರಬೇಕು: ಯಾವುದನ್ನು ಕೇಳದೆ ಮಾಡಬಹುದು, ಯಾವುದನ್ನು ಮಾಡಿ ಆಮೇಲೆ ಹೇಳಬೇಕು, ಯಾವುದನ್ನು ಕೇಳಿಯೇ ಮಾಡಬೇಕು. ಟ್ರಾಲರಿಗೆ ನಿಲ್ಲು ಅನ್ನುವುದು ಮೊದಲನೆಯ ಪಟ್ಟಿಯಲ್ಲಿ ಇದ್ದರೆ ಕ್ಯಾಪ್ಟನ್ ಮೊದಲ ಐದು ನಿಮಿಷದಲ್ಲೇ ಸಂಕೇತ ಕೊಟ್ಟಿರುತ್ತಾರೆ. ಗುಂಡು ಹಾರಿಸುವುದು ಮೂರನೆಯ ಪಟ್ಟಿಯಲ್ಲಿ ಇರಬಹುದು. ಅದನ್ನು ಕೇಳಲು ಈಗ ಸಮಯ ಇದೆ, ಯಾಕಂದರೆ ಬೆನ್ನಟ್ಟುವುದು ಕಾನೂನಿನ ಪ್ರಕಾರ ಶುರುವಾಗಿದೆ.

ಹಡಗು ಮುಳುಗದಂತೆ, ದಿಬ್ಬಕ್ಕೆ ಹತ್ತದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಅದು ಯಾವತ್ತೂ ಕ್ಯಾಪ್ಟನ್‌ದೇ. ದಡದಲ್ಲಿ ಕೂತ ಯಾವ ಅಡ್ಮಿರಲ್ ಕೂಡ ಅದನ್ನು ತೆಗೆದುಕೊಳ್ಳಲಾರರು.

ಈಗ ಸ್ವಲ್ಪ ಪದಗಳ ಬಗ್ಗೆ. "ಕಮಾಂಡ್" ಅಂದರೆ ನಾವು ಪೂರ್ತಿ ಅಧಿಕಾರ ಅಂದುಕೊಳ್ಳುತ್ತೇವೆ. ನೌಕಾಪಡೆಗಳು ಅದನ್ನು ತುಂಡು ತುಂಡು ಮಾಡಿ ಹಂಚುತ್ತವೆ. ನೇಟೋ ದೇಶಗಳಲ್ಲಿ ಇದಕ್ಕೆ ಹೆಸರುಗಳಿವೆ. ಫುಲ್ ಕಮಾಂಡ್ ಅಂದರೆ ಎಲ್ಲವೂ: ಸಂಬಳ, ಶಿಸ್ತು, ಬಡ್ತಿ, ಯಾವ ಕೆಲಸಕ್ಕೆ ಕಳಿಸಬೇಕು ಅನ್ನುವುದು. ಇದನ್ನು ಯಾವ ದೇಶವೂ ಬೇರೆಯವರಿಗೆ ಕೊಡುವುದಿಲ್ಲ. ಆಪ್‌ಕಾನ್ (ಆಪರೇಷನಲ್ ಕಂಟ್ರೋಲ್) ಅಂದರೆ ಒಪ್ಪಿಕೊಂಡ ಕೆಲಸಕ್ಕೆ, ಒಪ್ಪಿಕೊಂಡ ಜಾಗದಲ್ಲಿ, ಒಪ್ಪಿಕೊಂಡ ದಿನಗಳ ತನಕ ಹಡಗನ್ನು ನಡೆಸುವ ಅಧಿಕಾರ. ಟ್ಯಾಕಾನ್ (ಟ್ಯಾಕ್ಟಿಕಲ್ ಕಂಟ್ರೋಲ್) ಇನ್ನೂ ಚಿಕ್ಕದು: ಈ ಕೆಲಸ ನಡೆಯುವಾಗ "ಬಲಕ್ಕೆ ಬಾ, ಹಿಂದೆ ನಿಲ್ಲು" ಅನ್ನುವಷ್ಟು.

ಪರೀಕ್ಷೆ ಡ್ಯೂಟಿಗೆ ಬೇರೆ ಶಾಲೆಗೆ ಹೋದ ಮೇಷ್ಟ್ರನ್ನು ನೆನಪಿಸಿಕೊಳ್ಳಿ. ಆ ಮೂರು ಗಂಟೆ ಯಾವ ಕೋಣೆಯಲ್ಲಿ ನಿಲ್ಲಬೇಕು ಅಂತ ಆ ಶಾಲೆಯವರು ಹೇಳುತ್ತಾರೆ. ಆದರೆ ಅವರನ್ನು ವರ್ಗ ಮಾಡುವ ಹಾಗಿಲ್ಲ, ಪಾಠ ಮಾಡಿ ಅನ್ನುವ ಹಾಗಿಲ್ಲ. ಆಪ್‌ಕಾನ್ ಹೆಚ್ಚುಕಡಿಮೆ ಹಾಗೆ.

ಚಿಕ್ಕ ನೌಕಾಪಡೆಗೆ ಇದು ಯಾಕೆ ಮುಖ್ಯ ಅಂದರೆ, ಅದರ ಹಡಗು ಒಬ್ಬೊಂಟಿಯಾಗಿ ದೊಡ್ಡ ಕೆಲಸಕ್ಕೆ ಹೋಗುವುದು ಕಡಿಮೆ. ಬೇರೆಯವರ ಗುಂಪಿಗೆ ಸೇರಿಕೊಳ್ಳುತ್ತದೆ. ಹೆಲ್ಗೆ ಇಂಗ್‌ಸ್ಟಾಡ್ ಕೂಡ ಆಗ ನೇಟೋದ ಒಂದು ಹಡಗು ಗುಂಪಿನಲ್ಲಿತ್ತು. ಹಾಗೆ ಸೇರುವಾಗ ಒಂದು ಸಿಗ್ನಲ್ ಹೋಗುತ್ತದೆ. ಇಂಥ ತಾರೀಖು, ಇಂಥ ಗಂಟೆಯಿಂದ ಈ ಹಡಗಿನ ನಿಯಂತ್ರಣ ಇಂಥವರಿಗೆ. ಗಂಟೆಯನ್ನು ಜ಼ೂಲು ಸಮಯದಲ್ಲಿ, ಅಂದರೆ ಗ್ರೀನಿಚ್ ಹೊತ್ತಿನಲ್ಲಿ ಬರೆಯುತ್ತಾರೆ. ಒಂದೊಂದು ದೇಶ ತನ್ನ ಗಡಿಯಾರ ನೋಡಿದರೆ ಮಧ್ಯದ ಎರಡು ಗಂಟೆ ಆ ಹಡಗು ಯಾರದ್ದೂ ಅಲ್ಲ ಅಂತಾಗಬಹುದಲ್ವಾ? ಇಬ್ಬರದ್ದೂ ಆಗಿಬಿಡಬಹುದು, ಅದು ಇನ್ನೂ ಕೆಟ್ಟದ್ದು. ಆ ಒಂದು ಸಾಲಿನ ಸಿಗ್ನಲ್ ನೋಡಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ನಾನು ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಕೆಳಗೆ ಹೋಗುವ ಆದೇಶದ ಬಗ್ಗೆ ಇಷ್ಟು ಹೊತ್ತು ಹೇಳಿದೆ. ಮೇಲಕ್ಕೆ ಬರುವ ಸುದ್ದಿಯೂ ಅಷ್ಟೇ ಮುಖ್ಯ. ಡೆನ್ಮಾರ್ಕಿನ ಈವರ್ ಹ್ಯುಟ್‌ಫೆಲ್ಟ್ ಅನ್ನುವ ಫ್ರಿಗೇಟ್ 2024ರಲ್ಲಿ ಕೆಂಪು ಸಮುದ್ರಕ್ಕೆ ಹೋಗಿತ್ತು. ಮಾರ್ಚ್ 9ರಂದು ಡ್ರೋನ್‌ಗಳ ದಾಳಿ ಆಯಿತು. ನಾಲ್ಕನ್ನು ಹೊಡೆದು ಉರುಳಿಸಿದರು. ಆದರೆ ಆ ಹೊತ್ತಿನಲ್ಲಿ ಸುಮಾರು ಅರ್ಧ ಗಂಟೆ ಕ್ಷಿಪಣಿ ಹಾರಿಸುವ ವ್ಯವಸ್ಥೆ ಕೈಕೊಟ್ಟಿತ್ತು. ಹಡಗಿನ ಕಮಾಂಡರ್ ಇದನ್ನು ವರದಿ ಮಾಡಿದರು. ವರದಿ ಮೇಲೆ ಹೋಯಿತು, ಆದರೆ ರಕ್ಷಣಾ ಮಂತ್ರಿಯ ತನಕ ಹೋಗಲಿಲ್ಲ. ಮಂತ್ರಿಗೆ ವಿಷಯ ಗೊತ್ತಾದದ್ದು ಪತ್ರಿಕೆಯವರು ಕೇಳಿದಾಗ. ಏಪ್ರಿಲ್ 3ರಂದು ದೇಶದ ರಕ್ಷಣಾ ಮುಖ್ಯಸ್ಥ ಫ್ಲೆಮ್ಮಿಂಗ್ ಲೆಂಟ್‌ಫರ್ ಅವರನ್ನು ಹುದ್ದೆಯಿಂದ ತೆಗೆದರು.

ಆ ದರ್ಜೆಯ ಮೂರೇ ಹಡಗು ಇರುವ ದೇಶ ಅದು. ಅಂಥಲ್ಲಿ ಒಂದು ಹಡಗಿನ ಒಂದು ಯಂತ್ರದ ದೋಷ ಸಹ ದೇಶದ ನೀತಿಯ ವಿಷಯ ಆಗಿಬಿಡುತ್ತದೆ. ಉಳಿದ ಎರಡರಲ್ಲೂ ಅದೇ ಯಂತ್ರ ಇದೆಯಲ್ಲ! ದೊಡ್ಡ ನೌಕಾಪಡೆಯಲ್ಲಿ ಇಂಥ ವರದಿ ಮಧ್ಯದ ಯಾವುದೋ ಕಚೇರಿಯಲ್ಲಿ ತೀರ್ಮಾನ ಆಗಬಹುದು. ಚಿಕ್ಕದರಲ್ಲಿ ಮಧ್ಯದ ಕಚೇರಿ ಅಂತ ಇರಬಾರದು, ಹಡಗಿನಿಂದ ಮಂತ್ರಿಯ ತನಕ ಮೆಟ್ಟಿಲು ಬಹಳ ಕಮ್ಮಿ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಡೆನ್ಮಾರ್ಕಿನ ಇನ್ನೊಂದು ಏರ್ಪಾಡು ನನಗೆ ತುಂಬಾ ಇಷ್ಟ. ಗ್ರೀನ್‌ಲೆಂಡ್ ಮತ್ತು ಫಾರೋ ದ್ವೀಪಗಳ ಸುತ್ತಲಿನ ಸಮುದ್ರ ನೋಡಿಕೊಳ್ಳಲು ಅವರ ಹತ್ತಿರ ಮೊದಲು ಎರಡು ಕಮಾಂಡ್ ಇದ್ದವು. 2012ರಲ್ಲಿ ಎರಡನ್ನೂ ಸೇರಿಸಿ ಗ್ರೀನ್‌ಲೆಂಡಿನ ನೂಕ್ ಪಟ್ಟಣದಲ್ಲಿ ಒಂದೇ ಆರ್ಕ್ಟಿಕ್ ಕಮಾಂಡ್ ಮಾಡಿದರು. ಗಡಿ ಕಾಯುವುದು, ಮೀನುಗಾರಿಕೆ ತಪಾಸಣೆ, ಕಡಲಲ್ಲಿ ಸಿಕ್ಕಿಕೊಂಡವರನ್ನು ಹುಡುಕಿ ಕಾಪಾಡುವುದು ಎಲ್ಲ ಅವರದ್ದೇ. ಮಂಜುಗಡ್ಡೆಯ ನಡುವೆ ಹಡಗು ಎಷ್ಟು ನಿಧಾನ ಹೋಗುತ್ತದೆ ಅಂತ ಕಿಟಕಿಯಿಂದ ನೋಡಿದವರೇ ಆದೇಶ ಕೊಡುತ್ತಾರೆ. ರಾಜಧಾನಿಯಲ್ಲಿ ಕೂತವರಿಗೆ ಅದು ನಕ್ಷೆಯ ಮೇಲಿನ ಎರಡು ಇಂಚು.

ಕೇಂದ್ರದಲ್ಲಿ ಎಷ್ಟು ಇರಬೇಕು, ಅಂಚಿಗೆ ಎಷ್ಟು ಬಿಡಬೇಕು ಅನ್ನುವುದಕ್ಕೆ ಶ್ರೀಲಂಕಾ ಒಳ್ಳೆಯ ಉದಾಹರಣೆ. ಜನರ ಲೆಕ್ಕದಲ್ಲಿ ಅದು ಚಿಕ್ಕ ನೌಕಾಪಡೆ ಅಲ್ಲ. ಆದರೆ ದೂರ ಹೋಗಬಲ್ಲ ಹಡಗುಗಳು ಬೆರಳೆಣಿಕೆಯಷ್ಟು. ದ್ವೀಪದ ಸುತ್ತಲೂ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ವಲಯ ಕಮಾಂಡ್‌ಗಳಿವೆ. ಯುದ್ಧದ ಕಾಲದಲ್ಲಿ ದಡದ ಹತ್ತಿರ ಪುಟ್ಟ ವೇಗದ ದೋಣಿಗಳ ಹೋರಾಟ ನಡೆಯುತ್ತಿತ್ತು. ಅಲ್ಲಿ ನಿಮಿಷಗಳ ಲೆಕ್ಕ, ಹಾಗಾಗಿ ತೀರ್ಮಾನ ಆಯಾ ವಲಯದಲ್ಲೇ ಆಗಬೇಕಿತ್ತು. ಆದರೆ 2007ರಲ್ಲಿ ಎಲ್‌ಟಿಟಿಇಯ ಶಸ್ತ್ರಾಸ್ತ್ರ ಹಡಗುಗಳನ್ನು ದ್ವೀಪದಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಹೋಗಿ ಹುಡುಕಿ ಮುಳುಗಿಸುವಾಗ ಲೆಕ್ಕ ಬೇರೆ. ಬಳಸಿದ್ದು ಇದ್ದ ಕೆಲವೇ ದೊಡ್ಡ ಗಸ್ತು ಹಡಗುಗಳನ್ನು. ಅವುಗಳಲ್ಲಿ ಸಯುರ ಅನ್ನುವುದು ಭಾರತ 2000ದಲ್ಲಿ ಕೊಟ್ಟ ಹಡಗು. ಇಂಥ ಹಡಗನ್ನು ಒಂದು ವಲಯದ ಕೈಗೆ ಕೊಟ್ಟರೆ ಇನ್ನೊಂದು ವಲಯ ಬರಿಗೈ. ಆದ್ದರಿಂದ ಅಂಥ ಹಡಗುಗಳ ವಿಷಯ ಇಡೀ ಪಡೆಗೆ ಸೇರಿದ್ದಾಗುತ್ತದೆ. ದೋಣಿ ಬಹಳ ಇದ್ದರೆ ಹಂಚಬಹುದು. ಒಂದೇ ಇದ್ದರೆ ಮೇಲಿನವರೇ ಇಟ್ಟುಕೊಳ್ಳಬೇಕು.

ಇನ್ನು ಎರಡು ದೇಶ ಸೇರಿ ಒಂದೇ ಕಮಾಂಡ್ ಮಾಡಿಕೊಂಡರೆ? ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಹಾಗೇ ಮಾಡಿವೆ. 1996ರಿಂದ ನೆದರ್ಲೆಂಡ್ಸಿನ ಡೆನ್ ಹೆಲ್ಡರ್ ಪಟ್ಟಣದಲ್ಲಿ ಎರಡಕ್ಕೂ ಸೇರಿ ಒಂದು ಕೇಂದ್ರ ಕಚೇರಿ. ಅದರ ಮುಖ್ಯಸ್ಥರಿಗೆ ಅಡ್ಮಿರಲ್ ಬೆನೆಲಕ್ಸ್ ಅನ್ನುತ್ತಾರೆ. ಡಚ್, ಅಂದರೆ ನೆದರ್ಲೆಂಡ್ಸಿನ, ನೌಕಾಪಡೆಯ ಮುಖ್ಯಸ್ಥರೇ ಆ ಹುದ್ದೆಯಲ್ಲಿ ಇರುತ್ತಾರೆ, ಬೆಲ್ಜಿಯಂ ನೌಕಾಪಡೆಯ ಮುಖ್ಯಸ್ಥರು ಅವರ ಉಪ. ಕೆಲಸವನ್ನೂ ಹಂಚಿಕೊಂಡಿದ್ದಾರೆ: ಫ್ರಿಗೇಟ್‌ಗಳ ದುರಸ್ತಿ ಡಚ್ಚರ ಕಡೆ, ಕಡಲ ಬಾಂಬು ಹುಡುಕುವ ಹಡಗುಗಳದ್ದು ಬೆಲ್ಜಿಯಂ ಕಡೆ. ಬಾಂಬು ಹುಡುಕುವ ವಿದ್ಯೆ ಕಲಿಸುವ ಶಾಲೆ ಬೆಲ್ಜಿಯಂನ ಓಸ್ಟೆಂಡ್‌ನಲ್ಲಿ, ಎರಡೂ ದೇಶದವರು ಅಲ್ಲೇ ಕಲಿಯುತ್ತಾರೆ. ಬೆಲ್ಜಿಯಂನ ಎರಡು ಫ್ರಿಗೇಟ್‌ಗಳು ನೆದರ್ಲೆಂಡ್ಸಿನಿಂದಲೇ ಕೊಂಡವು. ಹಾಗಾಗಿ ಬಿಡಿಭಾಗವೂ ಒಂದೇ, ಕೈಪಿಡಿಯೂ ಒಂದೇ.

ಆದರೆ ಒಂದು ಗೆರೆಯನ್ನು ಇಬ್ಬರೂ ದಾಟಿಲ್ಲ. ಹಡಗನ್ನು ಯುದ್ಧಕ್ಕೆ ಅಥವಾ ಅಪಾಯದ ಜಾಗಕ್ಕೆ ಕಳಿಸಬೇಕೋ ಬೇಡವೋ ಅನ್ನುವುದನ್ನು ಬೆಲ್ಜಿಯಂ ಸರ್ಕಾರ ತನ್ನ ಹಡಗಿಗೆ, ಡಚ್ ಸರ್ಕಾರ ತನ್ನ ಹಡಗಿಗೆ, ಬೇರೆ ಬೇರೆಯಾಗಿಯೇ ತೀರ್ಮಾನ ಮಾಡುತ್ತವೆ. ತಮ್ಮ ಮಕ್ಕಳನ್ನು ಎಲ್ಲಿಗೆ ಕಳಿಸುತ್ತೀರಿ ಅಂತ ಆ ದೇಶದ ಜನ ಕೇಳುವುದು ತಮ್ಮ ಸಂಸತ್ತನ್ನು.

ಕೊನೆಯದಾಗಿ ಎಲ್ಲಕ್ಕಿಂತ ಚಿಕ್ಕವರ ಬಗ್ಗೆ. ಪೆಸಿಫಿಕ್‌ನಲ್ಲಿ ಟೋಂಗಾದಂಥ ದೇಶಗಳಿಗೆ ಒಂದೆರಡು ಗಾರ್ಡಿಯನ್ ಗಸ್ತು ಹಡಗು ಇವೆ, 39.5 ಮೀಟರ್ ಉದ್ದದವು. ಕಾಯಬೇಕಾದ ಸಮುದ್ರ ಲಕ್ಷಗಟ್ಟಲೆ ಚದರ ಕಿಲೋಮೀಟರ್. ನಾನು ಹೇಳಿದ ಕುರ್ಚಿ ಲೆಕ್ಕ ಇವರಿಗೆ ಹೊಂದುವುದೇ ಇಲ್ಲ. ಇವರು ಏನು ಮಾಡಿದ್ದಾರೆ? ಸೊಲೊಮನ್ ದ್ವೀಪಗಳ ರಾಜಧಾನಿ ಹೋನಿಯಾರಾದಲ್ಲಿ ಮೀನುಗಾರಿಕೆ ಸಂಸ್ಥೆಯ ಒಂದು ಪ್ರಾದೇಶಿಕ ನಿಗಾ ಕೇಂದ್ರವನ್ನು ಎಲ್ಲರೂ ಸೇರಿ ನಡೆಸುತ್ತಾರೆ. ವರ್ಷಕ್ಕೆ ಕೆಲವು ಸಲ ಕುರುಕುರು, ಐಲೆಂಡ್ ಚೀಫ್, ತುಯಿ ಮೋವಾನಾ ಅಂತೆಲ್ಲ ಹೆಸರಿನ ಜಂಟಿ ಗಸ್ತು ನಡೆಯುತ್ತದೆ. ಆಸ್ಟ್ರೇಲಿಯಾ, ಫ್ರಾನ್ಸ್, ನ್ಯೂಜಿಲೆಂಡ್, ಅಮೆರಿಕದ ವಿಮಾನ ಮತ್ತು ಹಡಗುಗಳು ಬಂದು ಸೇರಿಕೊಳ್ಳುತ್ತವೆ. ಕಾಯುವ ಕುರ್ಚಿ ಎಲ್ಲರಿಗೂ ಸೇರಿ ಹೋನಿಯಾರಾದಲ್ಲಿ ಇದೆ.

ಆದರೂ ಆ ಕೇಂದ್ರ ಮಾಡುವುದು ಹೊಂದಾಣಿಕೆ, ಕಮಾಂಡ್ ಅಲ್ಲ. ಉಪಗ್ರಹದ ಮಾಹಿತಿ, ವಿಮಾನದವರು ನೋಡಿದ್ದು, ಪರವಾನಗಿ ಪಟ್ಟಿ ಎಲ್ಲವನ್ನೂ ಒಟ್ಟಿಗೆ ಇಟ್ಟು ಅನುಮಾನದ ದೋಣಿ ಎಲ್ಲಿದೆ ಅಂತ ಹೋನಿಯಾರಾದವರು ಹೇಳುತ್ತಾರೆ. ಹತ್ತಿ ತಪಾಸಣೆ ಮಾಡು ಅಂತ ಟೋಂಗಾದ ಹಡಗಿಗೆ ಹೇಳುವವರು ಟೋಂಗಾದಲ್ಲೇ ಇರುತ್ತಾರೆ.